ಮೇಲಿನವರೂ ಕೆಳಗಿನವರೂ

ನಮ್ಮ ಆರೋಗ್ಯ ಇಲಾಖೆ ನಡೆಯುವುದು ಔಷಧದಿಂದ ಎಂದು ಹೊರಗಿನ ಜನ ತಿಳಿದಿರುತ್ತಾರೆ. ಅದು ನಡೆಯುವುದು ರಿಜಿಸ್ಟರುಗಳಿಂದ ಎಂಬುದು ಒಳಗಿದ್ದವರಿಗೆ ಗೊತ್ತು. ಹುಟ್ಟಿದವರದೊಂದು ರಿಜಿಸ್ಟರು, ಸತ್ತವರದೊಂದು, ಬಸುರಿಯರದೊಂದು, ಬಾಣಂತಿಯರದೊಂದು, ಜ್ವರ ಬಂದವರದು, ಚುಚ್ಚುಮದ್ದು ಹಾಕಿಸಿಕೊಂಡ ಮಕ್ಕಳದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರದು, ಕೊನೆಗೆ, ಲಸಿಕೆ ಇಟ್ಟ ಪೆಟ್ಟಿಗೆಯ ಒಳಗೆ ಬೆಳಿಗ್ಗೆ ಎಷ್ಟು ಡಿಗ್ರಿ, ಸಂಜೆ ಎಷ್ಟು ಡಿಗ್ರಿ ಎಂಬುದಕ್ಕೂ ಒಂದು. ಈಗ ಕಂಪ್ಯೂಟರು ಬಂದಿದೆ, ಪ್ರತಿಯೊಬ್ಬರ ಕೈಗೂ ಫೋನು ಬಂದಿದೆ. ಬರೆಯುವ ಸಾಮಗ್ರಿ ಬದಲಾಯಿತೇ ಹೊರತು ಬರೆಯುವ ಕೈ ಬದಲಾಗಿಲ್ಲ. ಉಪಕೇಂದ್ರದ ನರ್ಸಮ್ಮ ಬರೆದ ಅಂಕಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ತಾಲ್ಲೂಕಿಗೆ ಏರಿ, ಜಿಲ್ಲೆಯಲ್ಲಿ ಕೂಡಿಕೊಂಡು, ಬೆಂಗಳೂರಿನಲ್ಲಿ ಮತ್ತೊಮ್ಮೆ ಕೂಡಿಕೊಂಡು, ದೆಹಲಿಗೆ ಹೋಗಿ ದೇಶದ ಆರೋಗ್ಯದ ಚಿತ್ರವಾಗುತ್ತದೆ. ಆ ಮೊದಲ ಅಂಕಿಯೇ ಸುಳ್ಳಾದರೆ ಮೇಲಿನ ಕೂಡಿಕೆ ಎಷ್ಟು ಸರಿಯಾಗಿದ್ದರೇನು?

ಅಂಕಿ ಸುಳ್ಳಾಗುವುದು ಯಾವಾಗ? ಸೋಮಾರಿತನದಿಂದ ಆಗುವುದುಂಟು, ದುರಾಸೆಯಿಂದಲೂ ಉಂಟು. ಆದರೆ ಮೂವತ್ತು ವರ್ಷಕ್ಕೂ ಮೀರಿದ ನನ್ನ ಸೇವೆಯಲ್ಲಿ ನಾನು ಕಂಡ ಸುಳ್ಳು ಅಂಕಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹೆದರಿಕೆಯಿಂದ. ಮೇಲಿನವರು ಏನೆಂದಾರೋ ಎಂಬ ಹೆದರಿಕೆಯಿಂದ. ಆ ಹೆದರಿಕೆಯ ವಿಷಯವಾಗಿಯೇ, ಅದು ಹೋದ ಕಡೆ ಹುಟ್ಟುವ ನಂಬಿಕೆಯ ವಿಷಯವಾಗಿಯೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ರೇಡಿಯೋ ಮುಂದೆ ಕುಳಿತ ಗೃಹಸ್ಥರು, "ಇಲಾಖೆಯ ಒಳಗಿನ ಮಾತು ನಮಗೇಕೆ, ಅದು ಅವರವರ ಪಾಡು" ಎನ್ನಬಹುದು. ಸ್ವಲ್ಪ ತಾಳಿ. ನಿಮ್ಮ ಮನೆಯ ತೊಟ್ಟಿಯಲ್ಲಿ ಸೊಳ್ಳೆಯ ಮರಿ ಇದೆಯೇ ಎಂದು ನೋಡಲು ಒಬ್ಬ ಹೆಣ್ಣುಮಗಳು ಬರುತ್ತಾಳೆ. ದಿನಕ್ಕೆ ಇಷ್ಟು ಮನೆ ಎಂದು ಅವಳಿಗೆ ಗೊತ್ತುಮಾಡಿದ್ದಾರೆ. ಬಿಸಿಲಿನಲ್ಲಿ ಅರ್ಧ ಮನೆ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಉಳಿದ ಅರ್ಧವನ್ನು "ಆಗಲಿಲ್ಲ" ಎಂದು ಬರೆಯುವ ಧೈರ್ಯ ಅವಳಿಗಿದೆಯೆ, ಇಲ್ಲವೆ? ಅವಳ ಮೇಲಧಿಕಾರಿಗೂ ಅವಳಿಗೂ ನಡುವೆ ಎಂಥ ಸಂಬಂಧವಿದೆ ಎಂಬುದರ ಮೇಲೆ ನಿಮ್ಮ ಬೀದಿಗೆ ಡೆಂಗಿ ಬರುವುದು, ಬಿಡುವುದು ನಿಂತಿದೆ.

ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ದೊಡ್ಡ ಉದಾಹರಣೆ ಇದೆ: ಸಿಡುಬು. ಇಂದಿನ ಮಕ್ಕಳು ಆ ರೋಗವನ್ನು ಕಂಡಿಲ್ಲ, ಕಾಣುವುದೂ ಇಲ್ಲ. ಅಜ್ಜ ಅಜ್ಜಿಯರ ಕೈಮೇಲಿನ ದುಂಡನೆಯ ಕಲೆಗಳನ್ನು ನೋಡಿ "ಇದೇನು" ಎಂದು ಕೇಳುತ್ತಾರೆ, ಅಷ್ಟೆ. ನಮ್ಮ ಹಿಂದಿನವರು ಅದನ್ನು ಹೆಸರು ಹಿಡಿದು ಕರೆಯಲೂ ಅಂಜಿ "ಅಮ್ಮ" ಎನ್ನುತ್ತಿದ್ದರು. ಮನೆಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. 1962ರಲ್ಲಿ ಭಾರತ ಸರ್ಕಾರ ಸಿಡುಬಿನ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಜನರಲ್ಲಿ ಬಹುಪಾಲಿಗೆ ದೇವಿ ಹಾಕಿಬಿಟ್ಟರೆ ರೋಗ ತಾನಾಗಿ ನಿಲ್ಲುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಬೆಳೆಯಿತು, ಎಷ್ಟು ಬೆಳೆಯಿತೆಂದರೆ, ಕೆಲವು ಜಿಲ್ಲೆಗಳಲ್ಲಿ ಹಾಕಿದ ದೇವಿಯ ಸಂಖ್ಯೆ ಅಲ್ಲಿನ ಜನಸಂಖ್ಯೆಯನ್ನೇ ಮೀರಿತು! ರೋಗ ಮಾತ್ರ ನಿಲ್ಲಲಿಲ್ಲ. ಕಾರಣ ಕಷ್ಟದ್ದೇನಲ್ಲ. ದೇವಿ ಹಾಕುವವನಿಗೆ ತಿಂಗಳಿಗೆ ಇಷ್ಟು ತೋಳು ಎಂದು ಗುರಿ. ಶಾಲೆಯ ಮಕ್ಕಳು ಸಾಲಾಗಿ ನಿಂತು ಸಿಗುತ್ತಾರೆ; ಅವರಿಗೇ ಮತ್ತೆ ಮತ್ತೆ ಹಾಕಿದರೆ ಗುರಿ ತುಂಬುತ್ತದೆ. ಊರಾಚೆಯ ಗುಡಿಸಲಿನ ಕೂಸು, ಕೂಲಿಗೆ ಹೋದ ತಾಯಿ, ಗುಳೆ ಬಂದವರು ಇವರು ಸಿಗುವುದಿಲ್ಲ. ರೋಗ ಇರುವುದು ಅಲ್ಲಿಯೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಒಂದು ಹಳ್ಳಿಯಲ್ಲಿ ಸಿಡುಬು ಕಾಣಿಸಿತೆಂದು ಆ ನೌಕರ ವರದಿ ಮಾಡಿದನೆನ್ನಿ. ಮೇಲಿನಿಂದ ಬರುತ್ತಿದ್ದ ಮೊದಲ ಪ್ರಶ್ನೆ, "ನೀನು ಸರಿಯಾಗಿ ದೇವಿ ಹಾಕಿದ್ದರೆ ಇಲ್ಲಿ ರೋಗ ಹೇಗೆ ಬಂತು?" ಅದರ ಬೆನ್ನಿಗೇ ಮೆಮೊ, ಕೆಲವೊಮ್ಮೆ ಅಮಾನತ್ತು. ರೋಗ ಕಂಡವನು ಶಿಕ್ಷೆಗೊಳಗಾದ. ಕಾಣದಂತೆ ಕಣ್ಣು ಮುಚ್ಚಿಕೊಂಡವನು ಒಳ್ಳೆಯ ನೌಕರನೆನಿಸಿಕೊಂಡ. ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದು ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ರೋಗಿಗಳು ಕಾಗದದ ಮೇಲಿನಿಂದ ಮಾಯವಾಗುತ್ತಿದ್ದರು. ರಾಜಧಾನಿಯಲ್ಲಿ ಕುಳಿತವರು ಆ ಕಾಗದ ನೋಡಿ ಸಮಾಧಾನ ಪಡುತ್ತಿದ್ದರು.

ದಕ್ಷಿಣದ ರಾಜ್ಯಗಳಲ್ಲಿ 1970ರ ದಶಕದ ಆರಂಭದ ವೇಳೆಗೆ ರೋಗ ಬಹುಮಟ್ಟಿಗೆ ಅಡಗಿತ್ತು. ಉಳಿದದ್ದು ಉತ್ತರದ ಹಾಗೂ ಪೂರ್ವದ ರಾಜ್ಯಗಳಲ್ಲಿ. 1973ರ ಶರತ್ಕಾಲದಲ್ಲಿ ಭಾರತದ ವೈದ್ಯರೂ ವಿಶ್ವ ಆರೋಗ್ಯ ಸಂಸ್ಥೆಯವರೂ ಸೇರಿ ಹೊಸದೊಂದು ಕ್ರಮವನ್ನು ಕೈಗೊಂಡರು. ಎಲ್ಲರಿಗೂ ದೇವಿ ಹಾಕುತ್ತ ಕೂರುವುದಕ್ಕೆ ಬದಲು, ಮೊದಲು ರೋಗ ಎಲ್ಲಿದೆಯೆಂದು ಹುಡುಕುವುದು. ಸಿಕ್ಕ ಕಡೆ ರೋಗಿಯ ಸುತ್ತ ಇದ್ದವರಿಗೆಲ್ಲ ದೇವಿ ಹಾಕಿ, ಮನೆಯ ಬಾಗಿಲಲ್ಲಿ ಕಾವಲಿರಿಸಿ, ಬೇಲಿ ಹಾಕಿದಂತೆ ಅಲ್ಲಿಯೇ ಕಟ್ಟಿಹಾಕುವುದು. ಅಕ್ಟೋಬರ್ ತಿಂಗಳಲ್ಲಿ ಉತ್ತರ ಪ್ರದೇಶ, ಬಿಹಾರಗಳಲ್ಲಿ ಇಲಾಖೆಯ ಸಮಸ್ತ ನೌಕರರೂ ಕೆಲವು ದಿನಗಳ ಮಟ್ಟಿಗೆ ತಮ್ಮ ಬೇರೆ ಕೆಲಸ ಬಿಟ್ಟು, ಸಿಡುಬೆದ್ದ ಮಗುವಿನ ಚಿತ್ರವಿದ್ದ ಒಂದು ಕಾರ್ಡನ್ನು ಹಿಡಿದು ಹಳ್ಳಿ ಹಳ್ಳಿಗೆ ಹೊರಟರು. "ಹೀಗೆ ಆದವರನ್ನು ಕಂಡಿದ್ದೀರಾ?" ಎಂಬುದೊಂದೇ ಪ್ರಶ್ನೆ. ಶಾಲೆಯಲ್ಲಿ ಕೇಳಿದರು, ಸಂತೆಯಲ್ಲಿ ಕೇಳಿದರು. ಕೆಲವೇ ದಿನಗಳ ಆ ಹುಡುಕಾಟದಲ್ಲಿ ಎರಡು ರಾಜ್ಯಗಳಲ್ಲಿ ಸಿಕ್ಕ ರೋಗಿಗಳು ಸುಮಾರು 10,000!

ಈ ಸಂಖ್ಯೆ ಬಂದಾಗ ಇಲಾಖೆಯಲ್ಲಿ ಎಂಥ ಗಾಬರಿ ಆಗಿರಬಹುದೆಂದು ಸರ್ಕಾರಿ ಕಚೇರಿ ಬಲ್ಲವರು ಊಹಿಸಬಲ್ಲರು. ಇಷ್ಟು ದಿನ ಇಲ್ಲವೆಂದು ಬರೆದುಕೊಟ್ಟ ರೋಗ ಒಂದೇ ವಾರದಲ್ಲಿ ಎಲ್ಲಿಂದ ಬಂತು? ಯಾರ ತಲೆ ಹೋಗಬೇಕು? ಹಳೆಯ ಪದ್ಧತಿಯಂತೆ ನಡೆದಿದ್ದರೆ ಅಂದೇ ಸಾವಿರಾರು ಮೆಮೊ ಹೊರಡುತ್ತಿದ್ದವು, ಮುಂದಿನ ಹುಡುಕಾಟದಲ್ಲಿ ಒಬ್ಬ ರೋಗಿಯೂ ಸಿಗುತ್ತಿರಲಿಲ್ಲ. ಕಾರ್ಯಕ್ರಮ ನಡೆಸಿದವರ ಹೆಗ್ಗಳಿಕೆ ಇಲ್ಲಿದೆ. ರೋಗಿಯನ್ನು ಹುಡುಕಿದವನನ್ನು ಅವರು ಹೊಗಳಿದರು. ಮುಂದೆ ರೋಗ ಕಡಮೆಯಾಗುತ್ತ ಬಂದ ಹಾಗೆ ಹೊಸ ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನವನ್ನೂ ಇಟ್ಟರು; ಮೊದಲು ಸಣ್ಣ ಮೊತ್ತ, 1975ರಲ್ಲಿ ಅದು 1000 ರೂಪಾಯಿಗೆ ಏರಿತು. ರೋಗ ಮುಚ್ಚಿಟ್ಟರೆ ಲಾಭ ಎಂಬ ಲೆಕ್ಕ ತಲೆಕೆಳಗಾಯಿತು.

ಹಾಗೆಂದು, ನಂಬಿಕೆ ಎಂದರೆ ಕಣ್ಣು ಮುಚ್ಚಿಕೊಂಡು ಸಹಿ ಹಾಕುವುದು ಎಂದು ಅವರು ತಿಳಿಯಲಿಲ್ಲ. ಹುಡುಕಾಟ ಮುಗಿದ ಮೇಲೆ ಬೇರೆಯವರು ಬಂದು, ನೋಡಿದ ಹಳ್ಳಿಗಳಲ್ಲಿ ಒಂದು ಪಾಲನ್ನು ಮತ್ತೆ ನೋಡುತ್ತಿದ್ದರು. "ಚಿತ್ರ ಹಿಡಿದುಕೊಂಡು ಯಾರಾದರೂ ನಿಮ್ಮ ಮನೆಗೆ ಬಂದಿದ್ದರೆ?" ಎಂದು ವಿಚಾರಿಸುತ್ತಿದ್ದರು. ಬಂದಿಲ್ಲವೆಂದಾದರೆ ಆ ಪ್ರದೇಶವನ್ನು ಮತ್ತೊಮ್ಮೆ ಹುಡುಕಬೇಕು. ಈ ಪರೀಕ್ಷೆ ಎಲ್ಲರಿಗೂ ತಿಳಿದಿದ್ದ, ಎಲ್ಲರಿಗೂ ಒಂದೇ ಆಗಿದ್ದ ಪರೀಕ್ಷೆ. ಗುಟ್ಟಾಗಿ ಹಿಂಬಾಲಿಸಿ ಹಿಡಿಯುವುದಕ್ಕೂ, ಮೊದಲೇ ಹೇಳಿ ತಾಳೆ ನೋಡುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಿಂದ ನೌಕರ ಜಾಣನಾಗುತ್ತಾನೆ. ಎರಡನೆಯದರಿಂದ ಕೆಲಸ ಸರಿಹೋಗುತ್ತದೆ.

ಆ ದಿನಗಳ ಒಂದು ಸಭೆಯ ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅಲ್ಲಿದ್ದ ಅಮೆರಿಕದ ವೈದ್ಯ ವಿಲಿಯಂ ಫೇಗಿಯವರು ಅದನ್ನು ಮುಂದೆ ಹೇಳಿಕೊಂಡಿದ್ದಾರೆ. 1974ರ ಮೇ ತಿಂಗಳು. ಬಿಹಾರದಲ್ಲಿ ಸಿಡುಬು ಉರಿಯುತ್ತಿತ್ತು. ಹುಡುಕಿದಷ್ಟೂ ರೋಗಿಗಳು ಸಿಗುತ್ತಿದ್ದರು, ಪತ್ರಿಕೆಗಳಲ್ಲಿ ಟೀಕೆಯೋ ಟೀಕೆ. ತಿಂಗಳ ಸಭೆಗೆ ರಾಜ್ಯದ ಆರೋಗ್ಯ ಸಚಿವರು ಬಂದು, ಈ ಹೊಸ ಪದ್ಧತಿ ಸಾಕು, ಹಿಂದಿನಂತೆ ಎಲ್ಲರಿಗೂ ದೇವಿ ಹಾಕುವುದಕ್ಕೆ ಹೊರಡಿ ಎಂದರು. ಸಚಿವರು ಹೇಳಿದ ಮೇಲೆ ಮುಗಿಯಿತಲ್ಲ! ಆಗ ಹಿಂದಿನಿಂದ ಒಬ್ಬ ತರುಣ ಭಾರತೀಯ ವೈದ್ಯ ಎದ್ದು ನಿಂತ. ತಾನು ಹಳ್ಳಿಯವನೆಂದೂ, ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಆ ಮನೆಯ ಮೇಲೆ ನೀರು ಹೊಯ್ಯುತ್ತಾರೆಯೇ ಹೊರತು ಊರ ಮನೆಗಳಿಗೆಲ್ಲ ಹೊಯ್ಯುತ್ತ ಕೂರುವುದಿಲ್ಲವೆಂದೂ ವಿನಯದಿಂದ ಹೇಳಿದ. ಸಭೆ ಸ್ತಬ್ಧವಾಯಿತು. ಸಚಿವರು ಮುನಿಯಲಿಲ್ಲ, ಇನ್ನೊಂದು ತಿಂಗಳು ಅವಕಾಶ ಕೊಟ್ಟರು. ಆ ಒಂದು ತಿಂಗಳಲ್ಲಿ ಹೊಸ ರೋಗಿಗಳ ಸಂಖ್ಯೆ ಇಳಿಯತೊಡಗಿತು.

ಆ ವರ್ಷ ದೇಶದಲ್ಲಿ 1,80,000ಕ್ಕೂ ಮೇಲ್ಪಟ್ಟು ಸಿಡುಬಿನ ರೋಗಿಗಳು ಲೆಕ್ಕಕ್ಕೆ ಸಿಕ್ಕಿದರು. ಮರುವರ್ಷ, 1975ರ ಮೇ ತಿಂಗಳಲ್ಲಿ, ಭಾರತದ ಕೊನೆಯ ರೋಗಿ. 1977ರಲ್ಲಿ ದೇಶ ಸಿಡುಬಿನಿಂದ ಮುಕ್ತವಾಯಿತೆಂದು ಅಂತರರಾಷ್ಟ್ರೀಯ ಸಮಿತಿ ಒಪ್ಪಿತು. 1980ರ ಮೇ 8ರಂದು ಇಡೀ ಜಗತ್ತಿಗೇ ಆ ಘೋಷಣೆಯಾಯಿತು. ಕವಲು ತುದಿಯ ಸೂಜಿ, ಶಾಖಕ್ಕೆ ಕೆಡದ ಒಣ ಲಸಿಕೆ ಇವುಗಳಿಗೆ ಸಲ್ಲಬೇಕಾದ ಯಶಸ್ಸು ಸಲ್ಲಲಿ. ಸಚಿವರ ಎದುರು ಎದ್ದು ನಿಂತ ಆ ಹುಡುಗನಿಗೂ, ಅವನನ್ನು ಕೂರಿಸದ ಸಚಿವರಿಗೂ ಒಂದು ಪಾಲು ಇಡಬೇಕೆಂದು ನನ್ನ ಆಸೆ.

ಇಷ್ಟೆಲ್ಲ ದೊಡ್ಡವರ ಕಥೆ ಹೇಳಿ ನನ್ನ ಕಥೆ ಹೇಳದಿದ್ದರೆ ತಪ್ಪಾದೀತು. ನನ್ನದು ಹೆಮ್ಮೆಯ ಕಥೆಯಲ್ಲ.

1980ರ ದಶಕದ ಕೊನೆಯಲ್ಲಿ ನಾನು ಮಲೆನಾಡಿನ ಅಂಚಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಹೋದೆ. ಮೀಸೆ ಸರಿಯಾಗಿ ಬಲಿತಿರಲಿಲ್ಲ. ಅಧಿಕಾರ ಮಾತ್ರ ಬಲಿತಿತ್ತು. 1985ರಲ್ಲಿ ಮಕ್ಕಳೆಲ್ಲರಿಗೂ ಲಸಿಕೆ ಹಾಕುವ ಸಾರ್ವತ್ರಿಕ ಕಾರ್ಯಕ್ರಮ ಆರಂಭವಾಗಿ, ನಮಗೂ ಲಸಿಕೆ ಇಡುವ ಒಂದು ದೊಡ್ಡ ತಣ್ಣನೆಯ ಪೆಟ್ಟಿಗೆ ಬಂದಿತ್ತು. ಲಸಿಕೆಯೆಂಬುದು ಹಾಲಿನಂತೆ, ಹೊರಗಿಟ್ಟರೆ ಕೆಡುತ್ತದೆ. ಆದರೆ ಕೆಟ್ಟ ಹಾಲು ವಾಸನೆ ಬರುತ್ತದೆ, ಒಡೆಯುತ್ತದೆ. ಕೆಟ್ಟ ಲಸಿಕೆ ನೋಡುವುದಕ್ಕೆ ಒಳ್ಳೆಯದರಂತೆಯೇ ಇರುತ್ತದೆ. ಪೋಲಿಯೋ ಹನಿಯಂತೂ ಶಾಖಕ್ಕೆ ಬೇಗ ಸೋಲುವಂಥದು. ಆದ್ದರಿಂದ ಪೆಟ್ಟಿಗೆಯ ಒಳಗಿನ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು. ಆ ಕೆಲಸ ನಮ್ಮ ಫಾರ್ಮಸಿಸ್ಟರದು. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು, ಮಾತು ಕಡಮೆ.

ಒಂದು ಬೆಳಿಗ್ಗೆ ಅವರೇ ನನ್ನ ಕೋಣೆಗೆ ಬಂದು, "ಸಾರ್, ಪೆಟ್ಟಿಗೆ ಹದಿನಾಲ್ಕು ಡಿಗ್ರಿ ತೋರಿಸ್ತಾ ಇದೆ. ನೆನ್ನೆ ಸಂಜೆ ಕಸ ಗುಡಿಸುವಾಗ ಪೊರಕೆ ತಗುಲಿ ಪ್ಲಗ್ಗು ಸಡಿಲ ಆಗಿದೆ. ನಾನು ಹೋಗೋ ಮುಂಚೆ ನೋಡಬೇಕಾಗಿತ್ತು, ನೋಡಲಿಲ್ಲ" ಎಂದರು. ರಿಜಿಸ್ಟರಿನಲ್ಲಿ 14 ಎಂದು ಬರೆದು ಕೆಳಗೆ ಸಹಿ ಹಾಕಿದ್ದರು. ಒಂದು ಹಾಳೆಯ ವರದಿಯನ್ನೂ ಬರೆದು ತಂದಿದ್ದರು. ಹೊರಗೆ ಚೀಟಿಯ ಸಾಲಿನಲ್ಲಿ ಐವತ್ತು ಜನ. ನಾನು ಆ ಸಾಲಿನ ಎದುರಿಗೇ ಅವರನ್ನು ಗದರಿಸಿದೆ. ಏನೇನು ಅಂದೆನೆಂದು ಈಗ ಹೇಳಲು ನಾಚಿಕೆ. ಲಸಿಕೆಯನ್ನು ನಾಶಮಾಡಿಸಿದೆ, ಅದು ಸರಿ. ಆ ಮೇಲೆ ಮೆಮೊ ಕೊಟ್ಟೆ. ಒಂದು ವರ್ಷದ ವೇತನ ಬಡ್ತಿ ತಡೆಹಿಡಿಯಬೇಕೆಂದು ಮೇಲಕ್ಕೆ ಬರೆದೆ. ಶಿಸ್ತು ಸ್ಥಾಪಿಸಿದೆನೆಂದು ಆ ರಾತ್ರಿ ಚೆನ್ನಾಗಿ ನಿದ್ರೆ ಮಾಡಿದೆ. ಕೆಲವು ತಿಂಗಳಲ್ಲಿ ಆತ ವರ್ಗ ಮಾಡಿಸಿಕೊಂಡು ಹೋದರು. ಪೆಟ್ಟಿಗೆಯ ಜವಾಬ್ದಾರಿಯನ್ನು ಹಿರಿಯ ಆರೋಗ್ಯ ಸಹಾಯಕಿಗೆ ಒಪ್ಪಿಸಿದೆ.

ಅಲ್ಲಿಂದ ಮುಂದೆ ರಿಜಿಸ್ಟರು ನೋಡಲು ಬಹಳ ಸೊಗಸಾಯಿತು. ಬೆಳಿಗ್ಗೆ 4, ಸಂಜೆ 5. ಬೆಳಿಗ್ಗೆ 4, ಸಂಜೆ 5. ಮುತ್ತು ಪೋಣಿಸಿದಂಥ ಅಕ್ಷರ. ಜಿಲ್ಲೆಯಿಂದ ತನಿಖೆಗೆ ಬಂದವರು ಮೆಚ್ಚಿ ಒಳ್ಳೆಯ ಮಾತು ಬರೆದುಹೋದರು.

ಜುಲೈ ತಿಂಗಳಲ್ಲಿ ನಾನು ತರಬೇತಿಗೆಂದು ಜಿಲ್ಲಾ ಕೇಂದ್ರಕ್ಕೆ ಹೋಗಿ ಒಂದು ವಾರ ಇದ್ದೆ. ಹಿಂದಿರುಗುವಾಗ ಬಸ್ಸಿನಲ್ಲಿ ಜನ ಮಳೆಯ ಮಾತಾಡುತ್ತಿದ್ದರು: ಮರ ಬಿದ್ದು ತಂತಿ ಹರಿದು ಮೂರು ದಿನ ಊರಿಗೆ ಕರೆಂಟಿಲ್ಲ, ಹಿಟ್ಟಿನ ಗಿರಣಿ ನಿಂತುಹೋಗಿತ್ತು ಎಂದು. ಆಸ್ಪತ್ರೆಗೆ ಬಂದವನು ರೂಢಿಯಂತೆ ರಿಜಿಸ್ಟರು ತೆರೆದೆ. 4, 5, 4, 5. ನಿಜ ಹೇಳುತ್ತೇನೆ, ಮೊದಲು ನನಗೆ ಸಂತೋಷವೇ ಆಯಿತು. ಸಹಿ ಹಾಕಲು ಪೆನ್ನು ತೆಗೆದೆ. ಆ ಮೇಲೆ ಹಿಟ್ಟಿನ ಗಿರಣಿ ನೆನಪಾಯಿತು.

ಮುಚ್ಚಳ ತೆಗೆಯದೆ ಇದ್ದರೆ ಆ ಪೆಟ್ಟಿಗೆ ಒಂದು ದಿನ ತಾಳೀತು. ಮೂರು ದಿನ ತಾಳದು. ಅಷ್ಟೇ ಅಲ್ಲ, ನಡುವೆ ಗುರುವಾರ ಬಂದಿತ್ತು. ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಮಳೆಯಲ್ಲೇ ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದರು. ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಆ ಪೆಟ್ಟಿಗೆಯ ಪೋಲಿಯೋ ಹನಿ ಬಿದ್ದಿತ್ತು. ಸತ್ವ ಹೋದ ಹನಿಯಿಂದ ಮಗುವಿಗೆ ಕೇಡಿಲ್ಲ, ರಕ್ಷಣೆಯೂ ಇಲ್ಲ. ಕೈಕಾಲು ಸೋತ ಮಕ್ಕಳನ್ನು ತಾಯಂದಿರು ಹೊತ್ತುಕೊಂಡು ತಿರುಗುವುದನ್ನು ಪ್ರತಿ ಜಾತ್ರೆಯಲ್ಲೂ ಕಾಣುತ್ತಿದ್ದ ಕಾಲ ಅದು.

ಸಹಾಯಕಿಯನ್ನು ಕರೆದೆ. "ಏಕಮ್ಮ ಹೀಗೆ ಬರೆದಿರಿ?" ಎಂದೆ. ಗದರಿಸುವ ದನಿ ಇನ್ನೂ ಇತ್ತು. ಆಕೆ ಅಳಲಿಲ್ಲ. ನೆಲ ನೋಡುತ್ತ, "ಬುಧವಾರವೇ ಗೊತ್ತಾಯ್ತು ಸಾರ್, ಐಸೆಲ್ಲ ಕರಗಿತ್ತು. ಬರೆಯೋಣ ಅಂತ ಪೆನ್ನೂ ತಗೊಂಡೆ. ನಿಜ ಬರೆದವರಿಗೆ ಏನಾಯ್ತು ಅಂತ ನೋಡಿದ್ದೆನಲ್ಲ. ನನಗೆ ಎರಡು ಮಕ್ಕಳು ಸಾರ್" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸುಳ್ಳು ಬರೆದದ್ದು ಆಕೆಯ ಕೈ, ಬರೆಸಿದವನು ನಾನು. ಅಂದು ರಾತ್ರಿ ಲಾಟೀನು ಇಟ್ಟುಕೊಂಡು ಜಿಲ್ಲಾ ಕಚೇರಿಗೆ ನಡೆದದ್ದನ್ನೆಲ್ಲ ಬರೆದೆ. ಹಿಂದಿನ ಮೆಮೊವನ್ನೂ ಸೇರಿಸಿ ಬರೆದೆ. ಬರೆಯುತ್ತಿರುವಾಗ ನನಗೂ ಕೈ ನಡುಗಿತು. ಮೇಲಿನವರ ಹೆದರಿಕೆ ಹೇಗಿರುತ್ತದೆಂದು ಅವತ್ತು ತಿಳಿಯಿತು. ನನಗೂ ಒಂದು ಮೆಮೊ ಬಂತು. ಅದರಲ್ಲಿ ಬರೆದಿದ್ದ ಭಾಷೆ ನಾನು ಫಾರ್ಮಸಿಸ್ಟರಿಗೆ ಬರೆದದ್ದಕ್ಕಿಂತ ಮೆದುವಾಗಿತ್ತು.

ಹೊಸ ಲಸಿಕೆ ಬಂದ ಕೂಡಲೇ ನಾನೂ ಆ ಸಹಾಯಕಿಯೂ ಐಸಿನ ಡಬ್ಬಿ ಹಿಡಿದು ಮನೆಮನೆಗೆ ಹೊರಟೆವು. ಪ್ರತಿ ಮನೆಯಲ್ಲೂ ಒಂದೇ ಮಾತು: ಹೋದ ಗುರುವಾರ ಕೊಟ್ಟ ಹನಿ ಕೆಟ್ಟಿರಬಹುದು, ತಪ್ಪು ನಮ್ಮದು, ಮತ್ತೆ ಹಾಕಿಸಿಕೊಳ್ಳಬೇಕು. ಒಬ್ಬ ಅಜ್ಜಿ ನಕ್ಕು, "ತಪ್ಪಾಯ್ತು ಅಂತ ಹೇಳೋಕೆ ಸರ್ಕಾರದೋರು ಮನೆಗೆ ಬಂದದ್ದು ಇದೇ ಮೊದಲು, ಕೂತ್ಕೊಳ್ಳಿ, ಬೆಲ್ಲ ನೀರು ಕುಡೀರಿ" ಎಂದಳು. ಇನ್ನೊಂದು ಮನೆಯ ಯಜಮಾನ ಬಾಗಿಲು ಹಾಕಿಕೊಂಡ. ಆ ಮನೆಯ ಮಗುವಿಗೆ ಮತ್ತೆ ಹನಿ ಹಾಕಲು ನಮಗೆ ಆಗಲೇ ಇಲ್ಲ. ಮೂರು ಸಲ ಹೋದೆವು.

ಇಂಥದನ್ನೇ ಅಮೆರಿಕದ ಆಸ್ಪತ್ರೆಗಳಲ್ಲಿ ಆಮಿ ಎಡ್ಮಂಡ್‌ಸನ್ ಎಂಬ ವಿದುಷಿ 1990ರ ದಶಕದಲ್ಲಿ ಬೇರೆ ದಾರಿಯಿಂದ ಕಂಡುಕೊಂಡರು. ರೋಗಿಗಳಿಗೆ ಔಷಧ ಕೊಡುವುದರಲ್ಲಿ ಆಗುವ ತಪ್ಪುಗಳನ್ನು ಆಕೆ ವಾರ್ಡು ವಾರ್ಡಿಗೆ ಹೋಲಿಸಿ ನೋಡಿದರು. ಒಳ್ಳೆಯ ಮೇಲ್ವಿಚಾರಣೆಯಿದ್ದು, ಒಬ್ಬರಿಗೊಬ್ಬರು ಹೊಂದಿಕೊಂಡಿದ್ದ ವಾರ್ಡುಗಳಲ್ಲಿ ತಪ್ಪು ಕಡಮೆ ಇರಬೇಕೆಂಬುದು ಅವರ ಎಣಿಕೆ. ಸಿಕ್ಕಿದ್ದು ತಿರುವುಮುರುವಾದ ಲೆಕ್ಕ: ಒಳ್ಳೆಯ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ವರದಿಯಾಗಿದ್ದವು! ಯೋಚಿಸಿ ನೋಡಿದಾಗ ಅರ್ಥ ಹೊಳೆಯಿತು. ಅಲ್ಲಿ ದಾದಿಯರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. 1996ರಲ್ಲಿ ಅವರು ಇದನ್ನು ಪ್ರಕಟಿಸಿದರು. ನನ್ನ ರಿಜಿಸ್ಟರಿನ 4, 5, 4, 5 ಅನ್ನು ಅವರಿಗೆ ತೋರಿಸಿದ್ದರೆ ಅವರು ಮೊದಲ ನೋಟಕ್ಕೇ ಹಿಡಿದುಬಿಡುತ್ತಿದ್ದರೇನೋ.

ಗುರಿ ಎಂಬ ಭೂತದ ಮಾತನ್ನೂ ಇಲ್ಲಿ ಆಡಬೇಕು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಗೆ ಇಷ್ಟಿಷ್ಟು ಜನರನ್ನು ತರಬೇಕೆಂದು ಆರೋಗ್ಯ ನೌಕರರ ಮೇಲೂ ಶಾಲಾ ಉಪಾಧ್ಯಾಯರ ಮೇಲೂ ಹೊರಿಸಿದರು. ತರದಿದ್ದವರ ಸಂಬಳ ನಿಲ್ಲಿಸಿದ ಕಡೆಗಳೂ ಇದ್ದವು. ದೇಶದಲ್ಲಿ ಒಂದೇ ವರ್ಷ 80 ಲಕ್ಷಕ್ಕೂ ಮೀರಿ ಶಸ್ತ್ರಚಿಕಿತ್ಸೆಗಳಾದವು. ಅಂಕಿ ಬಂತು. ಅದರ ಜೊತೆಗೆ, ನರ್ಸಮ್ಮ ಬಂದಳೆಂದರೆ ಹಳ್ಳಿಯ ಜನ ಹೊಲಕ್ಕೆ ಓಡುವ ಕಾಲವೂ ಬಂತು. ಅಧಿಕಾರಿ ನೌಕರಳನ್ನು ಹೆದರಿಸಿದ. ಅವಳು ಜನರನ್ನು ಹೆದರಿಸಿದಳು. ಸರ್ಕಾರವೇ 1996ರ ಏಪ್ರಿಲ್‌ನಿಂದ ಆ ಗುರಿಗಳನ್ನು ದೇಶಾದ್ಯಂತ ಕೈಬಿಟ್ಟಿತು. ಕಾಗದದ ಮೇಲೆ ಬಿಟ್ಟ ಗುರಿ ಅಧಿಕಾರಿಗಳ ಬಾಯಿಂದ ಹೋಗಲು ಇನ್ನೂ ಬಹಳ ವರ್ಷ ಹಿಡಿಯಿತು ಎಂಬುದು ನಾನು ಕಂಡ ಮಾತು.

ಹೆದರಿಕೆಯ ಆಳ್ವಿಕೆ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಚೀನದ ವುಹಾನ್ ನಗರದಲ್ಲಿ ಲೀ ವೆನ್‌ಲಿಯಾಂಗ್ ಎಂಬ ಕಣ್ಣಿನ ವೈದ್ಯ 2019ರ ಡಿಸೆಂಬರ್ 30ರಂದು ಹೊಸದೊಂದು ರೋಗದ ಸುಳಿವನ್ನು ತನ್ನ ಜೊತೆಯ ವೈದ್ಯರಿಗೆ ತಿಳಿಸಿದ. ಸುಳ್ಳು ಹಬ್ಬಿಸಿದೆಯೆಂದು ಪೊಲೀಸರು 2020ರ ಜನವರಿ 3ರಂದು ಅವನಿಂದ ಸಹಿ ಹಾಕಿಸಿಕೊಂಡರು. ಫೆಬ್ರವರಿ 7ರಂದು ಅದೇ ರೋಗದಿಂದ ಅವನು ತೀರಿಕೊಂಡ. ಮುಂದೆ ಆ ಛೀಮಾರಿಯನ್ನು ಹಿಂದಕ್ಕೆ ತೆಗೆದುಕೊಂಡರಂತೆ.

ಇನ್ನು, ನಂಬಿಕೆ ಎಂದರೆ ಸವಿಮಾತು ಎಂದುಕೊಂಡಿರುವ ಅಧಿಕಾರಿಗಳೂ ಇದ್ದಾರೆ. ಸಭೆಯಲ್ಲಿ "ನಾವೆಲ್ಲ ಒಂದೇ ಸಂಸಾರ" ಎನ್ನುತ್ತಾರೆ. ಪ್ರಯಾಣ ಭತ್ಯೆಯ ಬಿಲ್ಲು ಎಂಟು ತಿಂಗಳು ಮೇಜಿನ ಮೇಲೆ ಮಲಗಿರುತ್ತದೆ. ತನ್ನ ಕೈಯಿಂದ ಬಸ್ಸಿನ ಕಾಸು ಹಾಕಿ ಹಳ್ಳಿ ಸುತ್ತುವವಳಿಗೆ ಆ ಮಾತು ಹೇಗೆ ಕೇಳಿಸೀತು? ಸಿಡುಬಿನ ಕೆಲಸದಲ್ಲಿ ಮನೆ ಕಾಯುವವರಿಗೆ, ಹಳ್ಳಿಯಲ್ಲಿ ಸಹಾಯಕ್ಕೆ ಬಂದವರಿಗೆ ಸ್ಥಳದಲ್ಲೇ ಕೂಲಿ ಕೊಡಲು ಅಧಿಕಾರಿಗಳ ಕೈಯಲ್ಲಿ ಹಣ ಕೊಟ್ಟಿದ್ದರು. ಆ ಸಣ್ಣ ಸಂಗತಿ ಎಷ್ಟು ದೊಡ್ಡದೆಂದು ಕಚೇರಿಗಳಲ್ಲಿ ಅಲೆದವರಿಗೆ ಗೊತ್ತು. 2005ರಲ್ಲಿ ಆಶಾ ಕಾರ್ಯಕರ್ತೆಯರ ಯೋಜನೆ ಬಂತು. ದೇಶದಲ್ಲಿ ಈಗ ಸುಮಾರು ಹತ್ತು ಲಕ್ಷ ಹೆಣ್ಣುಮಕ್ಕಳು ಈ ಕೆಲಸದಲ್ಲಿದ್ದಾರೆ. ಕೊರೋನಾ ಕಾಲದಲ್ಲಿ ಮನೆಮನೆಯ ಬಾಗಿಲು ತಟ್ಟಿದವರು ಇವರೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿತು. ಅದೇ ಹೆಣ್ಣುಮಕ್ಕಳು ನಿಶ್ಚಿತವಾದ ಗೌರವಧನ ಬೇಕೆಂದು, ಬಾಕಿ ಹಣ ಬರಲೆಂದು 2020ರಲ್ಲೂ 2025ರ ಜನವರಿಯಲ್ಲೂ ನಮ್ಮ ರಾಜ್ಯದಲ್ಲಿ ಮುಷ್ಕರ ಹೂಡಬೇಕಾಯಿತು. ಬಿರುದು ಜಿನೀವಾದಿಂದ, ಬಾಕಿ ಬೆಂಗಳೂರಿನಿಂದ ಎಂದು ಒಬ್ಬಾಕೆ ನನ್ನೊಡನೆ ನಕ್ಕಳು.

"ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ" ಎಂದು ನನ್ನ ಜೊತೆಯ ಅಧಿಕಾರಿಗಳು ಹೇಳುತ್ತಿದ್ದರು. ಕೂರುವವರೂ ಇದ್ದಾರೆ, ಇಲ್ಲವೆನ್ನಲಾರೆ. ಹೆರಿಗೆಗೆ ಬಂದ ಬಡವರಿಂದ ಹಣ ಕಿತ್ತ ಒಬ್ಬನನ್ನು ನಾನು ಅಮಾನತಿಗೆ ಬರೆದೆ. ಅದಕ್ಕಾಗಿ ಒಂದು ಗಳಿಗೆಯೂ ಪಶ್ಚಾತ್ತಾಪ ಪಟ್ಟಿಲ್ಲ. ಕಳ್ಳತನ ಬೇರೆ, ಕೈತಪ್ಪು ಬೇರೆ. ಇವೆರಡಕ್ಕೂ ಒಂದೇ ಮೆಮೊ ಕೊಡುವ ಕಚೇರಿಯಲ್ಲಿ ಕೈತಪ್ಪಿದವನೂ ಕಳ್ಳನಂತೆಯೇ ಅಡಗಿಕೊಳ್ಳುವುದನ್ನು ಕಲಿಯುತ್ತಾನೆ. ಆ ಮಳೆಗಾಲದ ನಂತರ ನಾನು ಒಂದು ಪದ್ಧತಿ ಇಟ್ಟುಕೊಂಡೆ. ತಿಂಗಳ ಸಭೆಯಲ್ಲಿ ಮೊದಲು ಜವಾನ, ಆ ಮೇಲೆ ನರ್ಸಮ್ಮಂದಿರು, ಎಲ್ಲರದೂ ಮುಗಿದ ಮೇಲೆ ನಾನು ಮಾತನಾಡುವುದು. ಆ ತಿಂಗಳು ಏನು ಕೆಟ್ಟಿತು ಎಂಬುದನ್ನು ಮೊದಲು ಕೇಳುವುದು. ಮೊದಲ ಎರಡು ಸಭೆಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಸಭೆಯಲ್ಲಿ ಆ ಹಿರಿಯ ಸಹಾಯಕಿ, "ಸಾರ್, ನಿಮ್ಮ ಅಕ್ಷರ ಯಾರಿಗೂ ಓದಕ್ಕೆ ಆಗಲ್ಲ, ಔಷಧಿ ತಪ್ಪಿ ಹೋಗ್ತಾ ಇದೆ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಅಂದಿನಿಂದ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಕಲಿತೆ.

ಫಾರ್ಮಸಿಸ್ಟರ ಬಡ್ತಿಯ ಮಾತು ಉಳಿಯಿತು. ನನ್ನ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಮೇಲಕ್ಕೆ ಬರೆದೆ. ತಡೆ ಹಾಕಲು ಮೂರು ವಾರ ಸಾಕಾಗಿತ್ತು. ತೆಗೆಯಲು ಒಂದು ವರ್ಷದ ಮೇಲೆ ಹಿಡಿಯಿತು. ಅವರಿಗೂ ಒಂದು ಕಾಗದ ಬರೆದೆ, ಉತ್ತರ ಬರಲಿಲ್ಲ. ಹಳೆಯ ಕಡತ ಹುಡುಕುವಾಗ ಅವರು ಅಂದು ತಂದುಕೊಟ್ಟ ಹಾಳೆ ಸಿಕ್ಕಿತು. ಮೊದಲ ಎರಡು ಸಾಲು ಓದಿ ನಾನು ಕೂಗಾಡತೊಡಗಿದ್ದೆ. ಕೆಳಗೆ ಇನ್ನೂ ನಾಲ್ಕು ಸಾಲಿತ್ತು: ಪ್ಲಗ್ಗಿನ ಸುತ್ತ ಮರದ ಒಂದು ಗೂಡು ಮಾಡಿಸಿದರೆ ಪೊರಕೆ ತಗುಲುವುದಿಲ್ಲ, ಕರೆಂಟು ಹೋದಾಗ ಲಸಿಕೆಯನ್ನು ಐಸಿನ ಡಬ್ಬಿಗೆ ತುಂಬಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಲು ಒಂದು ಏರ್ಪಾಡು ಬೇಕು, ಮಳೆಗಾಲಕ್ಕೆ ಮುಂಚೆ ಇದನ್ನು ಮಾಡಿದರೆ ಒಳ್ಳೆಯದು ಎಂದು. ಬಡಗಿಯನ್ನು ಕರೆಸಿದೆ. ಅರ್ಧ ದಿನದ ಕೆಲಸ.

ಎಷ್ಟೋ ವರ್ಷಗಳ ಮೇಲೆ ಒಂದು ಬಸ್ ನಿಲ್ದಾಣದಲ್ಲಿ ಅವರು ಸಿಕ್ಕಿದರು. ನಿವೃತ್ತರಾಗಿದ್ದರು, ಮೊಮ್ಮಗಳ ಕೈ ಹಿಡಿದಿದ್ದರು. ನನ್ನನ್ನು ಗುರುತಿಸಿ ನಮಸ್ಕಾರ ಮಾಡಿದರು. ನಾನು ಹಳೆಯದನ್ನು ಎತ್ತಲು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು. ಮೊಮ್ಮಗಳನ್ನು ಮೇಲಕ್ಕೆ ಹತ್ತಿಸಿ, ಮೆಟ್ಟಿಲ ಮೇಲೆ ನಿಂತು ತಿರುಗಿ, "ಆ ಪ್ಲಗ್ಗಿಗೆ ಗೂಡು ಹಾಕಿಸಿದಿರಾ ಸಾರ್?" ಎಂದು ಕೇಳಿದರು.

ಹಾಕಿಸಿದೆ ಎಂದೆ. ಯಾವಾಗ ಎಂದು ಅವರು ಕೇಳಲಿಲ್ಲ.